ಪ್ಯಾರಿಷ್ ಶಿಶುಗಳು: ಸಾಕುವವಳ ಕೂಲಿ ಮತ್ತು ಮಗುವಿನ ಆಯಸ್ಸು

ಇಂಗ್ಲೆಂಡಿನ ಬಡವರ ಕಾನೂನನ್ನು ಓದುವವರು 1601 ಮತ್ತು 1834ರ ಕಾಯ್ದೆಗಳನ್ನೇ ಹೆಚ್ಚಾಗಿ ಗಮನಿಸುತ್ತೇವೆ. ಆದರೆ ಕೈಗೂಸುಗಳ ಮಟ್ಟಿಗೆ 1762 ಮತ್ತು 1767 ಅವುಗಳಿಗಿಂತ ಮುಖ್ಯವಾದ ವರ್ಷಗಳೆಂದು ನನಗನ್ನಿಸುತ್ತದೆ. ಸಾಕುವವಳಿಗೆ ಹಣ ಯಾವ ರೀತಿಯಲ್ಲಿ ಸಂದಾಯವಾಗುತ್ತಿತ್ತು ಎಂಬ ಒಂದು ಪ್ರಶ್ನೆಯನ್ನು ಹಿಡಿದು ಓದಿದರೆ ಇದು ಸ್ಪಷ್ಟವಾಗುತ್ತದೆ.

ಒಂದೊಂದು ಪ್ಯಾರಿಷ್, ಅಂದರೆ ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶ, ತನ್ನ ಬಡವರನ್ನು ತೆರಿಗೆ ಎತ್ತಿ ತಾನೇ ಪೋಷಿಸಬೇಕಿತ್ತು. ಮದುವೆಯಾಗದವಳಿಗೆ ಹುಟ್ಟಿದ ಮಗುವಿನ ತಂದೆಯಿಂದ ಕೆಲವು ಪ್ಯಾರಿಷ್‌ಗಳು ಇಡಿಗಂಟಾಗಿ ಹಣ ಪಡೆಯುತ್ತಿದ್ದುದರಿಂದ, ಮಗು ಬೇಗ ಸತ್ತಷ್ಟೂ ಉಳಿತಾಯ ಹೆಚ್ಚುತ್ತಿತ್ತು.

ಲಂಡನ್ನಿನ ಬೀದಿಗಳಲ್ಲಿ ಕೊಡೆ ಹಿಡಿದು ಓಡಾಡಿದ ಗಂಡಸೆಂದು ಇಂದಿಗೂ ನೆನಪಾಗುವ ವರ್ತಕ ಜೋನಾಸ್ ಹ್ಯಾನ್ವೇ, ಥಾಮಸ್ ಕೋರಮ್ ಸ್ಥಾಪಿಸಿದ್ದ ಫೌಂಡ್ಲಿಂಗ್ ಆಸ್ಪತ್ರೆಯ ಆಡಳಿತ ಮಂಡಳಿಯಲ್ಲಿದ್ದನು. ಹೆಸರಿಗೆ ಆಸ್ಪತ್ರೆಯಾದರೂ ಅದು ಅನಾಥಾಲಯ. ತಾಯಂದಿರು ಬಿಟ್ಟುಹೋದ ಮಗುವಿನ ಗುರುತಿಗಾಗಿ ಬಟ್ಟೆಯ ಒಂದು ತುಂಡನ್ನು ದಾಖಲೆಯ ಹಾಳೆಗೆ ಗುಂಡುಸೂಜಿಯಿಂದ ಚುಚ್ಚಿಡುತ್ತಿದ್ದರು. ಹೂವಿನ ಅಚ್ಚಿನ ಹತ್ತಿ ಬಟ್ಟೆ, ರಿಬ್ಬನ್, ಅಂಗಿಯ ತೋಳಿನ ಚೂರು ಹೀಗೆ ಸಾವಿರಾರು ತುಂಡುಗಳು ಈಗಲೂ ಉಳಿದಿವೆ. ಸಂಸತ್ತಿನ ಹಣದ ನೆರವಿನಿಂದ 1756ರಿಂದ 1760ರವರೆಗೆ ತಂದ ಮಕ್ಕಳನ್ನೆಲ್ಲ ಸೇರಿಸಿಕೊಂಡಾಗ ಸುಮಾರು 15,000 ಶಿಶುಗಳು ಬಂದವು, ಅವುಗಳಲ್ಲಿ ಮೂರರಲ್ಲೆರಡು ಪಾಲು ಬದುಕಲಿಲ್ಲ.

ಹ್ಯಾನ್ವೇ ಮೊದಲು ಕೇಳಿದ್ದು ಲೆಕ್ಕವನ್ನು. 1762ರ ಕಾಯ್ದೆಯಿಂದಾಗಿ ಲಂಡನ್ನಿನ ಪ್ಯಾರಿಷ್‌ಗಳು ತಮ್ಮ ಶಿಶುಗಳ ದಾಖಲೆ ಪುಸ್ತಕ ಇಡಲೇಬೇಕಾಯಿತು. ಅದರಲ್ಲಿ ಸಾವುಗಳು ಎದ್ದು ಕಂಡ ಮೇಲೆಯೇ 1767ರ ಕಾಯ್ದೆ ಬಂದಿತು. ಅದರ ಪ್ರಕಾರ ಆರು ವರ್ಷದೊಳಗಿನ ಮಕ್ಕಳನ್ನು ನಗರದಿಂದ ಕನಿಷ್ಠ 3 ಮೈಲಿ ಆಚೆಯ ಹಳ್ಳಿಮನೆಗಳಲ್ಲಿ ಸಾಕಿಸಬೇಕಿತ್ತು, ಸಾಕುವವಳಿಗೆ ವಾರಕ್ಕೆ 2 ಷಿಲಿಂಗ್ 6 ಪೆನ್ಸ್‌ಗಿಂತ ಕಡಿಮೆ ಕೊಡುವಂತಿರಲಿಲ್ಲ, ಮತ್ತು ಕೈಗೂಸು ಒಂದು ವರ್ಷ ಚೆನ್ನಾಗಿ ಬೆಳೆದರೆ ಅವಳಿಗೆ 10 ಷಿಲಿಂಗ್ ಇನಾಮು ಸಲ್ಲುತ್ತಿತ್ತು. ಮಗು ಬದುಕಿದಷ್ಟು ದಿನವೂ ಕೂಲಿ ಬರುವಂತಾದುದೇ ಇಲ್ಲಿನ ಮರ್ಮ.

1834ರ ಕಾಯ್ದೆ ಅವಿವಾಹಿತ ತಾಯಿಯ ಮೇಲೆಯೇ ಹೊರೆ ಹೊರಿಸಿದಾಗ, ದುಡಿಯಲು ಹೋಗಬೇಕಾದವರು ಖಾಸಗಿ ಸಾಕುವವರ ಮೊರೆ ಹೋದರು, ಸಾಕುವವರಿಗೆ ಒಂದೇ ಸಲ ಹಣ ಕೊಟ್ಟುಬಿಡುವ ಇಡಿಗಂಟಿನ ಪದ್ಧತಿ ಮತ್ತೆ ತಲೆ ಎತ್ತಿತು. ಹಣ ಪಡೆದು ಸಾಕಲು ಇಟ್ಟುಕೊಂಡಿದ್ದ ಶಿಶುವಿನ ಕೊಲೆಗಾಗಿ 1870ರಲ್ಲಿ ಮಾರ್ಗರೆಟ್ ವಾಟರ್ಸ್ ಎಂಬವಳು ಗಲ್ಲಿಗೇರಿದ ಬಳಿಕ, ಒಂದು ವರ್ಷದೊಳಗಿನ ಒಂದಕ್ಕಿಂತ ಹೆಚ್ಚು ಶಿಶುಗಳನ್ನು ಹಣಕ್ಕಾಗಿ ಇಟ್ಟುಕೊಳ್ಳುವವರು ನೋಂದಾಯಿಸಿಕೊಳ್ಳಬೇಕೆಂದು 1872ರ ಕಾಯ್ದೆ ವಿಧಿಸಿತು. ಒಂದೇ ಮಗುವನ್ನು ಇಟ್ಟುಕೊಂಡವರನ್ನು ಅದು ಮುಟ್ಟಲೇ ಇಲ್ಲ. 1897ರ ಕಾಯ್ದೆಯಾದರೋ ನೇರವಾಗಿ ಗಂಟಿಗೇ ಕೈಹಾಕಿತು: 20 ಪೌಂಡ್ ಮೀರದ ಒಂದೇ ಮೊತ್ತಕ್ಕೆ ಎರಡು ವರ್ಷದೊಳಗಿನ ಮಗುವನ್ನು ಪಡೆದವರು 48 ಗಂಟೆಗಳೊಳಗೆ ಸ್ಥಳೀಯ ಅಧಿಕಾರಿಗಳಿಗೆ ತಿಳಿಸಬೇಕಾಯಿತು.