ಬಿಲ್ಲಿನ ದಿನವೇ ಲೆಕ್ಕ: ಸಣ್ಣ ವ್ಯಾಪಾರ, ಸಾಲ ಮತ್ತು ತಂತ್ರಾಂಶ

ದಾವಣಗೆರೆ ಮತ್ತು ಸುತ್ತಲಿನ ಊರುಗಳ ವ್ಯಾಪಾರಿಗಳಿಗೆ ಬಿಲ್ಲಿಂಗ್ ಹಾಗೂ ಲೆಕ್ಕಪತ್ರದ ತಂತ್ರಾಂಶ ಸಿದ್ಧಪಡಿಸುವ ಸಣ್ಣ ಕಂಪನಿ ನಮ್ಮದು. ಎಪಿಎಂಸಿ ಯಾರ್ಡಿನ ವರ್ತಕರು, ಅಕ್ಕಿ ಗಿರಣಿಯವರು, ಚೌಕಿಪೇಟೆಯ ಸಗಟು ಅಂಗಡಿಯವರು, ಚನ್ನಗಿರಿಯ ಅಡಿಕೆ ವ್ಯಾಪಾರಿಗಳು, ಹರಿಹರದ ಲೇತ್ ವರ್ಕ್‌ಶಾಪ್‌ಗಳ ಮಾಲೀಕರು ನಮ್ಮ ಗ್ರಾಹಕರು. ಈಚೆಗೆ ಇವರಲ್ಲಿ ಬಹುತೇಕರು ಮೊದಲು ಕೇಳುವುದು ಕೃತಕ ಬುದ್ಧಿಮತ್ತೆಯನ್ನು ಕುರಿತು: ಎಐ ಬಂದರೆ ಗುಮಾಸ್ತರ ಕೆಲಸ ಎಷ್ಟು ಹಗುರಾಗುತ್ತದೆ, ಅದಕ್ಕೆ ಎಷ್ಟು ಹಣ ಹಾಕಬೇಕು ಎಂದು. ಪ್ರಶ್ನೆ ಸಹಜವಾದದ್ದೇ. ಆದರೆ ಸಣ್ಣ ವ್ಯಾಪಾರಿಯ ಗಲ್ಲಾಪೆಟ್ಟಿಗೆಯನ್ನು ಈಗಾಗಲೇ ಮುಟ್ಟಿರುವ ಬದಲಾವಣೆ ಬೇರೆಯದು. ವ್ಯವಹಾರ ನಡೆದ ದಿನಕ್ಕೂ ಅದನ್ನು ಲೆಕ್ಕಕ್ಕೆ ಬರೆಯುವ ದಿನಕ್ಕೂ ನಡುವೆ ಇದ್ದ ಅಂತರವನ್ನು ಕಾನೂನು, ಬ್ಯಾಂಕು, ತಂತ್ರಜ್ಞಾನ ಮೂರೂ ಸೇರಿ ಅಳಿಸಿಹಾಕುತ್ತಿವೆ.

ವರ್ಷವಿಡೀ ಬಿಲ್ಲುಗಳನ್ನು ಕಟ್ಟು ಕಟ್ಟಿ ಇಟ್ಟು, ಆಡಿಟರ್ ನೆನಪಿಸಿದಾಗ ಗುಮಾಸ್ತರನ್ನು ಕೂರಿಸಿಕೊಂಡು ಒಟ್ಟಿಗೆ ಬರೆಸುವ ಪದ್ಧತಿ ನಮ್ಮ ಭಾಗದಲ್ಲಿ ಇನ್ನೂ ಬಲವಾಗಿದೆ. ಲೆಕ್ಕದ ಪುಸ್ತಕವನ್ನು ಮಾಲೀಕರು ಮತ್ತು ಆಡಿಟರ್ ಇಬ್ಬರೇ ನೋಡುತ್ತಿದ್ದ ಕಾಲಕ್ಕೆ ಅದು ಸಾಕಾಗಿತ್ತು. ಈಗ ಅದೇ ಬಿಲ್ಲನ್ನು ತೆರಿಗೆ ಇಲಾಖೆ, ಸರಕು ಕೊಂಡವರು, ಸಾಲ ಕೊಡುವ ಬ್ಯಾಂಕಿನವರು ಬೇರೆ ಬೇರೆ ದಾರಿಗಳಲ್ಲಿ, ಬಹುಮಟ್ಟಿಗೆ ಅದೇ ತಿಂಗಳಲ್ಲಿ ನೋಡುತ್ತಾರೆ. ಎಲ್ಲರಿಗಿಂತ ಕೊನೆಗೆ ನೋಡುವವರು ಮಾಲೀಕರೇ ಆಗಿಬಿಟ್ಟರೆ ನಷ್ಟವೂ ಅವರದೇ.

ಇ-ಇನ್‌ವಾಯ್ಸ್, ಅಂದರೆ ಸರ್ಕಾರಿ ಪೋರ್ಟಲ್‌ನಲ್ಲಿ ನೋಂದಾಯಿಸಬೇಕಾದ ಬಿಲ್ಲಿನ ನಿಯಮ, ದೊಡ್ಡವರಿಂದ ಸಣ್ಣವರವರೆಗೆ ಹೇಗೆ ಕೆಳಗಿಳಿಯಿತೆಂಬುದನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. 2020ರ ಅಕ್ಟೋಬರ್‌ನಲ್ಲಿ ಅದು 500 ಕೋಟಿ ರೂಪಾಯಿ ಮೀರಿದ ವಹಿವಾಟಿನ ಕಂಪನಿಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಹಂತಹಂತವಾಗಿ ಇಳಿದ ಮಿತಿ 2023ರ ಆಗಸ್ಟ್ 1ರಿಂದ 5 ಕೋಟಿಗೆ ಬಂದು ನಿಂತಿದೆ. ಅದನ್ನು ಈ ವರ್ಷವೇ ದಾಟಿರಬೇಕೆಂದಿಲ್ಲ. 2017-18ರಿಂದ ಈಚಿನ ಯಾವುದೇ ಒಂದು ಹಣಕಾಸು ವರ್ಷದಲ್ಲಿ ದಾಟಿದ್ದರೂ ನಿಯಮ ಅನ್ವಯಿಸುತ್ತದೆ. ಕ್ವಿಂಟಲ್‌ಗೆ ಹತ್ತಾರು ಸಾವಿರ ರೂಪಾಯಿ ಬೆಲೆಯ ಅಡಿಕೆಯಲ್ಲಿ 5 ಕೋಟಿ ದಾಟಲು ದೊಡ್ಡ ವ್ಯಾಪಾರಿಯೇ ಆಗಬೇಕಾಗಿಲ್ಲ. ಇ-ಇನ್‌ವಾಯ್ಸ್ ಒಮ್ಮೆ ನೋಂದಣಿಯಾದರೆ ಅದನ್ನು ಪೋರ್ಟಲ್‌ನಲ್ಲಿ ರದ್ದುಮಾಡಲು ಸಿಗುವುದು 24 ಗಂಟೆ ಮಾತ್ರ. ಆಮೇಲೆ ಕ್ರೆಡಿಟ್ ನೋಟ್ (ಬಿಲ್ಲಿನ ಮೊತ್ತವನ್ನು ಕಡಿಮೆ ಮಾಡುವ ಚೀಟಿ) ಬರೆಯಬೇಕಾಗುತ್ತದೆ. 50 ಸಾವಿರ ರೂಪಾಯಿ ಮೀರಿದ ಸರಕಿನೊಂದಿಗೆ ಹೋಗುವ ಸಾಗಣೆ ದಾಖಲೆಯಾದ ಇ-ವೇ ಬಿಲ್ಲಿನ ಅವಧಿಯನ್ನೂ 200 ಕಿಲೋಮೀಟರಿಗೆ ಒಂದು ದಿನದಂತೆ ಎಣಿಸಲಾಗುತ್ತದೆ. ಚನ್ನಗಿರಿಯಿಂದ ಉತ್ತರ ಭಾರತಕ್ಕೆ ಹೊರಟ ಲಾರಿ ದಾರಿಯಲ್ಲಿ ಕೆಟ್ಟು ನಿಂತಿತೆಂದರೆ, ಆ ಸುದ್ದಿ ಅಂಗಡಿಯ ಕಂಪ್ಯೂಟರಿನ ಮುಂದೆ ಕುಳಿತವರಿಗೆ ಅದೇ ಹೊತ್ತಿಗೆ ತಲುಪಬೇಕು.

ಕೊಳ್ಳುವವರ ಕಡೆಯಿಂದಲೂ ಒತ್ತಡವಿದೆ. 2022ರ ಜನವರಿಯಿಂದ, ಮಾರಿದವರು ತಮ್ಮ ರಿಟರ್ನ್‌ನಲ್ಲಿ ತೋರಿಸಿ, ಕೊಂಡವರ ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ಕಾಣಿಸಿಕೊಂಡ ಬಿಲ್ಲುಗಳಿಗೆ ಮಾತ್ರ ಹೂಡುವಳಿ ತೆರಿಗೆಯ ಜಮೆ, ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ತಾವು ಕಟ್ಟಬೇಕಾದದ್ದರಲ್ಲಿ ಕಳೆದುಕೊಳ್ಳುವ ಅವಕಾಶ, ಸಿಗುತ್ತದೆ. ತಿಂಗಳು ತಿಂಗಳು ರಿಟರ್ನ್ ಸಲ್ಲಿಸುವವರು ಮುಂದಿನ ತಿಂಗಳ 11ರೊಳಗೆ ಮಾರಾಟದ ವಿವರವಾದ ಜಿಎಸ್‌ಟಿಆರ್-1 ಕೊಡಬೇಕು, 14ಕ್ಕೆ 2ಬಿ ಸಿದ್ಧವಾಗುತ್ತದೆ. ಒಂದು ಬಿಲ್ ತಪ್ಪಿದರೆ ಕೊಂಡವರು ಆ ತೆರಿಗೆಯನ್ನು ತಮ್ಮ ಕೈಯಿಂದ ಕಟ್ಟಿ ಮುಂದಿನ ತಿಂಗಳವರೆಗೆ ಕಾಯಬೇಕು. ಸಹಜವಾಗಿಯೇ ಅವರು ನಮ್ಮ ವ್ಯಾಪಾರಿಗೆ ಕೊಡಬೇಕಾದ ಹಣವನ್ನು ತಡೆಹಿಡಿಯುತ್ತಾರೆ. 2024ರ ಅಕ್ಟೋಬರ್‌ನಲ್ಲಿ ಬಂದ ಇನ್‌ವಾಯ್ಸ್ ನಿರ್ವಹಣಾ ವ್ಯವಸ್ಥೆಯಲ್ಲಿ ಬಿಲ್ಲನ್ನು ಒಪ್ಪುವ, ತಿರಸ್ಕರಿಸುವ, ಬಾಕಿ ಇಡುವ ಅವಕಾಶವಿದೆ. ಏನನ್ನೂ ಮಾಡದಿದ್ದರೆ ಒಪ್ಪಿದಂತೆಯೇ ಲೆಕ್ಕ. ತಮಗೆ ಬಾರದ ಸರಕಿನ ಬಿಲ್ಲೂ ಹೀಗೆ ತಮ್ಮ ಹೆಸರಿನಲ್ಲಿ ಒಪ್ಪಿತವಾಗಬಹುದು ಎಂಬುದು ಎಷ್ಟೋ ವ್ಯಾಪಾರಿಗಳ ಗಮನಕ್ಕೇ ಬಂದಿಲ್ಲ.

ಉದ್ರಿ ವ್ಯವಹಾರದ ಮೇಲೆ ಇದಕ್ಕಿಂತ ಆಳವಾದ ಪರಿಣಾಮ ಮಾಡಿರುವುದು 1961ರ ಆದಾಯ ತೆರಿಗೆ ಕಾಯ್ದೆಯ 43ಬಿ ಸೆಕ್ಷನ್‌ಗೆ ಸೇರಿದ ಎಚ್ ಉಪವಾಕ್ಯ. 2023-24ನೇ ಹಣಕಾಸು ವರ್ಷದ ಲೆಕ್ಕದಿಂದ ಅದು ಅನ್ವಯವಾಯಿತು. ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ ಕೊಡಬೇಕಾದ ಹಣವನ್ನು, ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನಗಳಲ್ಲಿ, ಇದ್ದರೂ ಹೆಚ್ಚೆಂದರೆ 45 ದಿನಗಳಲ್ಲಿ ಕೊಡಬೇಕು. ಅವಧಿ ಮೀರಿ ವರ್ಷದ ಕೊನೆಗೂ ಬಾಕಿ ಉಳಿದರೆ ಆ ಖರ್ಚನ್ನು ಆ ವರ್ಷದ ಲಾಭದಲ್ಲಿ ಕಳೆಯುವಂತಿಲ್ಲ, ಹಣ ಕೊಟ್ಟ ವರ್ಷದಲ್ಲೇ ಕಳೆಯಬೇಕು. 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಅಭಿವೃದ್ಧಿ ಕಾಯ್ದೆಯ ಪ್ರಕಾರ ತಡವಾದ ಹಣಕ್ಕೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ, ಬೀಳುತ್ತದೆ. ಆದರೆ ಈ ರಕ್ಷಣೆ ತಯಾರಕರಿಗೆ ಮತ್ತು ಸೇವೆ ಒದಗಿಸುವವರಿಗೆ ಮಾತ್ರ. ಸಣ್ಣ ಉದ್ಯಮವೆಂದು ಸರ್ಕಾರದ ಬಳಿ ಮಾಡಿಸುವ ಉದ್ಯಮ್ ನೋಂದಣಿ ಇದ್ದರೂ ಸಗಟು ಮತ್ತು ಚಿಲ್ಲರೆ ವ್ಯಾಪಾರಿಗಳಿಗೆ ಅದು ಸಿಗುವುದಿಲ್ಲ. ಹಾಗಾಗಿ ಅಕ್ಕಿ ಗಿರಣಿಯವರು ಖಾಲಿ ಚೀಲಗಳನ್ನು ಅವನ್ನು ನೇಯುವ ಸಣ್ಣ ಕಾರ್ಖಾನೆಯಿಂದ ಕೊಂಡರೆ ಒಂದು ನಿಯಮ, ಪೇಟೆಯ ಡೀಲರ್‌ನಿಂದ ಕೊಂಡರೆ ಇನ್ನೊಂದು. ಬಿಲ್ಲು ನೋಡಲು ಎರಡೂ ಒಂದೇ ಥರ ಇರುತ್ತವೆ. ನಾವು ಪಾರ್ಟಿ ಖಾತೆಯಲ್ಲಿ ಉದ್ಯಮ್ ಸಂಖ್ಯೆ, ವರ್ಗ, ತಯಾರಕರೋ ವ್ಯಾಪಾರಿಯೋ ಎಂಬ ಮೂರು ಅಂಕಣಗಳನ್ನು ಸೇರಿಸಿ, ಬಿಲ್ಲಿಗೆ ಹದಿನೈದು ಮತ್ತು ನಲವತ್ತೈದು ದಿನ ತುಂಬುವ ಮೊದಲೇ ಎಚ್ಚರಿಸುವ ವರದಿ ಮಾಡಿದೆವು. ನಮ್ಮ ಗ್ರಾಹಕರು ಹೆಚ್ಚು ತೆರೆದು ನೋಡುವ ವರದಿಗಳಲ್ಲಿ ಈಗ ಅದೂ ಒಂದು. ಹರಿಹರದ ವರ್ಕ್‌ಶಾಪಿನವರು ಅದನ್ನೇ ತಿರುಗಿಸಿ ಬಳಸುತ್ತಾರೆ: ದೊಡ್ಡ ಕಾರ್ಖಾನೆಗಳಿಂದ ತಮಗೆ ಬರಬೇಕಾದ ಹಣಕ್ಕೆ ಎಷ್ಟು ದಿನವಾಯಿತೆಂದು ಮುದ್ರಿಸಿ ಕಳುಹಿಸುತ್ತಾರೆ. ಕಾನೂನು ತಮ್ಮ ಪರವಾಗಿದೆ ಎಂಬುದನ್ನು ಸಣ್ಣ ತಯಾರಕರು ತಾರೀಖಿನೊಂದಿಗೆ ತೋರಿಸಬಲ್ಲವರಾಗಿದ್ದಾರೆ ಎನ್ನುವುದು ನನಗೆ ನಿಜವಾದ ಸಮಾಧಾನದ ವಿಷಯ.

ಸಾಲದ ವಿಷಯಕ್ಕೆ ಬಂದರೆ, ಆಸ್ತಿಯ ಅಡಮಾನವನ್ನೇ ಮುಖ್ಯವಾಗಿ ನೋಡುತ್ತಿದ್ದ ಬ್ಯಾಂಕುಗಳು ಹಣದ ಹರಿವನ್ನು ನೋಡತೊಡಗಿವೆ. ಖಾತೆದಾರರ ಒಪ್ಪಿಗೆಯ ಮೇರೆಗೆ ಬ್ಯಾಂಕ್ ಮಾಹಿತಿಯನ್ನು ಸಾಲದಾತರಿಗೆ ತಲುಪಿಸುವ ಅಕೌಂಟ್ ಅಗ್ರಿಗೇಟರ್ ವ್ಯವಸ್ಥೆ 2021ರಲ್ಲಿ ಚಾಲನೆಗೆ ಬಂದು, ಮರುವರ್ಷ ರಿಸರ್ವ್ ಬ್ಯಾಂಕ್ ಜಿಎಸ್‌ಟಿ ರಿಟರ್ನ್‌ಗಳ ಮಾಹಿತಿ ಇರುವ ಜಿಎಸ್‌ಟಿ ಜಾಲವನ್ನೂ ಅದರೊಳಗೆ ಸೇರಿಸಿತು. ಸಾರ್ವಜನಿಕ ವಲಯದ ಬ್ಯಾಂಕುಗಳು ಡಿಜಿಟಲ್ ಹೆಜ್ಜೆಗುರುತಿನ ಆಧಾರದಲ್ಲಿ ಸಣ್ಣ ಉದ್ಯಮದ ಸಾಲಾರ್ಹತೆ ಅಳೆಯುವ ಮಾದರಿಯನ್ನು 2025ರಲ್ಲಿ ತಂದವು. ರಿಟರ್ನ್ ತಡವಾಗಿ ಸಲ್ಲಿಸಿದ ತಿಂಗಳುಗಳು ಇಂಥ ಲೆಕ್ಕಾಚಾರದಲ್ಲಿ ಎದ್ದು ಕಾಣುತ್ತವೆ. ಬಡ್ಡಿಯದೂ ಇದೇ ಕಥೆ. 2019ರ ಅಕ್ಟೋಬರ್‌ನಿಂದ ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ ಬ್ಯಾಂಕುಗಳು ಕೊಡುವ ಹೊಸ ಬದಲಾಗುವ ದರದ ಸಾಲಗಳು ರೆಪೊದಂಥ (ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ದರ) ಹೊರಗಿನ ಮಾನದಂಡಕ್ಕೆ ಜೋಡಣೆಯಾಗಿರಬೇಕು, ಕನಿಷ್ಠ ಮೂರು ತಿಂಗಳಿಗೊಮ್ಮೆ ದರ ಪರಿಷ್ಕರಣೆಯಾಗಬೇಕು. 2025ರ ಒಂದೇ ವರ್ಷದಲ್ಲಿ ರೆಪೊ ದರ ಶೇ 6.5ರಿಂದ ಶೇ 5.25ಕ್ಕೆ ಇಳಿಯಿತು. ಆ ಇಳಿಕೆ ತಮ್ಮ ಓವರ್‌ಡ್ರಾಫ್ಟ್ ಖಾತೆಗೆ ಬಂತೇ ಎಂಬುದನ್ನು, ಬಡ್ಡಿಯನ್ನು ಮಾರ್ಚ್‌ನಲ್ಲಿ ಒಟ್ಟಿಗೆ ಬರೆಯುವವರು ಕಂಡುಕೊಳ್ಳುವುದು ಕಷ್ಟ. ತಿಂಗಳು ತಿಂಗಳು ಬರೆಯುವವರು ಬ್ಯಾಂಕಿಗೆ ಹೋಗಿ ಕೇಳಬಲ್ಲರು.

ಚಿಲ್ಲರೆ ಅಂಗಡಿಗಳ ಮಟ್ಟದಲ್ಲಿ ಇದರ ಬಿಸಿ ತಟ್ಟಿದ್ದು 2025ರ ಜುಲೈನಲ್ಲಿ, ಯುಪಿಐ ಜಮೆಯನ್ನು ಆಧರಿಸಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿದಾಗ. ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ಎಂಬ ಜಿಎಸ್‌ಟಿ ನೋಂದಣಿಯ ವಹಿವಾಟು ಮಿತಿ ಎಲ್ಲರ ಬಾಯಿಗೂ ಬಂತು. ತೆರಿಗೆಮುಕ್ತ ಸರಕನ್ನು ಮಾತ್ರ ಮಾರುವವರಿಗೆ ನೋಂದಣಿ ಬೇಕಿಲ್ಲ. ಆದರೆ ತೆರಿಗೆಯ ಸರಕೂ ಬೆರೆತಿದ್ದರೆ ಮಿತಿಯ ಲೆಕ್ಕಕ್ಕೆ ಎರಡೂ ಸೇರುತ್ತವೆ. ನಮ್ಮೂರಿನ ಮಂಡಕ್ಕಿ ಭಟ್ಟಿಯನ್ನೇ ನೋಡಿ. ಬಿಡಿಯಾಗಿ ಮಾರಿದ ಮಂಡಕ್ಕಿಗೆ ತೆರಿಗೆಯಿಲ್ಲ, ಅದನ್ನೇ ಪೊಟ್ಟಣ ಕಟ್ಟಿ ಲೇಬಲ್ ಅಂಟಿಸಿದರೆ ಶೇ 5. ಎರಡರ ಹಣವೂ ಒಂದೇ ಕ್ಯೂಆರ್ ಸಂಕೇತಕ್ಕೆ ಬಂದು, ಮನೆಯವರು ಕಳುಹಿಸಿದ ಹಣವೂ ಅದರಲ್ಲೇ ಸೇರಿ, ದಿನದ ಮಾರಾಟದ ಪುಸ್ತಕ ಇಲ್ಲದಿದ್ದರೆ, ಯಾವುದು ಯಾವುದೆಂದು ವರ್ಷಗಳ ನಂತರ ವಿವರಿಸುವುದು ಯಾವ ಆಡಿಟರ್‌ಗೂ ಸುಲಭವಲ್ಲ. ಸ್ಕ್ಯಾನರ್ ಫಲಕವನ್ನೇ ತೆಗೆದು ನಗದು ಮಾತ್ರ ಎಂದವರ ಭಯ ನನಗೆ ಅರ್ಥವಾಗುತ್ತದೆ. ಆದರೂ ಅಂಗಡಿಗೆ ಬೇರೆ ಖಾತೆ, ಬೇರೆ ಕ್ಯೂಆರ್ ಮಾಡಿಕೊಂಡು ತೆರಿಗೆಯ ಮತ್ತು ತೆರಿಗೆಮುಕ್ತ ಮಾರಾಟವನ್ನು ರಾತ್ರಿ ಅಂಗಡಿ ಮುಚ್ಚುವ ಮುನ್ನ ಎರಡು ಸಾಲಿನಲ್ಲಿ ಬರೆದಿಡುವುದೇ ಗಟ್ಟಿಯಾದ ರಕ್ಷಣೆ. ಅದಕ್ಕೆ ನಮ್ಮ ತಂತ್ರಾಂಶವೂ ಬೇಕಿಲ್ಲ, ನೋಟ್‌ಬುಕ್ ಸಾಕು.

ತಂತ್ರಾಂಶ ಬರೆಯುವವರಿಗೂ ತಾರೀಖೇ ಮುಖ್ಯ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾದಾಗ, ಸರಕಿನ ಹೆಸರಿನ ಜೊತೆ ಒಂದೇ ದರವನ್ನು ಇಟ್ಟುಕೊಂಡಿದ್ದ ತಂತ್ರಾಂಶಗಳಲ್ಲಿ ಹಳೆಯ ದರ ಅಳಿಸಿಹೋಗುವಂತಿತ್ತು. 21ರಂದು ಮಾರಿದ ಸರಕು 25ರಂದು ವಾಪಸ್ ಬಂದರೆ ಅದರ ಕ್ರೆಡಿಟ್ ನೋಟ್ ಹಳೆಯ ದರದಲ್ಲಿರಬೇಕು. ಪ್ರತಿ ದರಕ್ಕೂ ಯಾವ ದಿನದಿಂದ ಯಾವ ದಿನದವರೆಗೆ ಎಂದು ದಾಖಲಿಸುವುದು ಕಾರ್ಯಕ್ರಮ ಬರೆಯುವವರಿಗೆ ಸಣ್ಣ ಕೆಲಸ, ಮರೆತರೆ ವ್ಯಾಪಾರಿಗೆ ದೊಡ್ಡ ಸಂಕಷ್ಟ. ಲೆಕ್ಕದ ತಂತ್ರಾಂಶದಲ್ಲಿ ಮಾಡಿದ ಪ್ರತಿ ತಿದ್ದುಪಡಿಯ ಜಾಡು ಉಳಿಯಬೇಕೆಂಬ ನಿಯಮ 2023ರ ಏಪ್ರಿಲ್‌ನಿಂದ ಕಂಪನಿಗಳಿಗೆ ಕಡ್ಡಾಯವಾಗಿದೆ. ಪಾಲುದಾರಿಕೆ ಮತ್ತು ಏಕವ್ಯಕ್ತಿ ಒಡೆತನದ ಸಂಸ್ಥೆಗಳಿಗೆ ಆ ಕಡ್ಡಾಯವಿಲ್ಲದಿದ್ದರೂ ನಾವು ಎಲ್ಲರಿಗೂ ಅದನ್ನು ಚಾಲೂ ಇಟ್ಟಿದ್ದೇವೆ. ಹಿಂದಿನ ತಾರೀಖಿಗೆ ಹೋಗಿ ಯಾರು ಏನು ತಿದ್ದಿದರೆಂದು ಮಾಲೀಕರಿಗೆ ತಿಳಿದಿರಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಎಐಗೆ ಬರಬಹುದು. ಖರೀದಿ ಬಿಲ್ಲಿನ ಫೋಟೋ ತೆಗೆದರೆ ಅದನ್ನು ಓದಿ ನಮೂದು ಸಿದ್ಧಪಡಿಸುವ ಕೆಲಸದಲ್ಲಿ ಎಐ ಸಾಧನಗಳು ನಿಜಕ್ಕೂ ಉಪಯುಕ್ತ. ಮುದ್ರಿತ ಬಿಲ್ಲನ್ನು ಚೆನ್ನಾಗಿ ಓದುತ್ತವೆ. ಮಂಡಿಯ ಗುಮಾಸ್ತರು ಅವಸರದಲ್ಲಿ ಕೈಯಿಂದ ಬರೆದ ಕನ್ನಡ ಪಟ್ಟಿಯಲ್ಲಿ ಎಡವುತ್ತವೆ. ಕೆಟ್ಟದ್ದೆಂದರೆ ತಪ್ಪು ಅಂಕಿಯನ್ನೂ ಅಷ್ಟೇ ವಿಶ್ವಾಸದಿಂದ ಕೊಡುತ್ತವೆ. ಆದ್ದರಿಂದ ಎಐ ಓದಿದ್ದನ್ನು ನಾವು ನೇರವಾಗಿ ಲೆಡ್ಜರ್‌ಗೆ ಬಿಡುವುದಿಲ್ಲ. ತೂಕವನ್ನು ದರದಿಂದ ಗುಣಿಸಿದರೆ ಮೊತ್ತ ಬರಬೇಕು. ಹದಿನೈದು ಅಕ್ಷರಗಳ ಜಿಎಸ್‌ಟಿ ಸಂಖ್ಯೆಯ ಕೊನೆಯ ಅಕ್ಷರ ಉಳಿದ ಹದಿನಾಲ್ಕರ ಲೆಕ್ಕಕ್ಕೆ ತಾಳೆಯಾಗಬೇಕು. ತೆರಿಗೆ ಆ ತಾರೀಖಿನ ದರಕ್ಕೆ ಹೊಂದಬೇಕು. ಇವು ಹಳೆಯ, ಸರಳ ಅಂಕಗಣಿತದ ಪರೀಕ್ಷೆಗಳು, ಆದರೆ ಎಐಯನ್ನು ನಂಬುವಂತೆ ಮಾಡುವುದು ಇವೇ. ಬಿಲ್ ಬಂದ ದಿನವೇ ಫೋಟೋ ತೆಗೆದರೆ ಅನುಮಾನ ಬಂದ ಅಂಕಿಯನ್ನು ಸರಕು ಇಳಿಸಿಕೊಂಡವರನ್ನೇ ಕೇಳಿ ಸರಿಪಡಿಸಬಹುದು; ಮಾರ್ಚ್‌ನಲ್ಲಿ ಕಟ್ಟು ಬಿಚ್ಚಿ ಒಟ್ಟಿಗೆ ಓದಿಸಿದರೆ ಕೇಳಲು ಯಾರಿಗೂ ನೆನಪಿರುವುದಿಲ್ಲ.

ಖರ್ಚಿನ ಮಾತೂ ಇದೆ. ಹೆಸರಾಂತ ಎಐ ಸೇವೆಗಳು ಪಠ್ಯವನ್ನು ಟೋಕನ್‌ಗಳಾಗಿ ತುಂಡರಿಸಿ, ಟೋಕನ್ ಲೆಕ್ಕದಲ್ಲಿ ಡಾಲರ್ ದರ ಹಾಕುತ್ತವೆ. ಒಂದೇ ವಿಷಯಕ್ಕೆ ಇಂಗ್ಲಿಷ್‌ಗಿಂತ ಕನ್ನಡದಲ್ಲಿ ಹೆಚ್ಚು ಟೋಕನ್ ಬೇಕಾಗುವುದರಿಂದ ಕನ್ನಡದಲ್ಲಿ ಕೇಳುವ ವ್ಯಾಪಾರಿಗೆ ಸೇವೆ ಒದಗಿಸುವುದು ನಮಗೆ ದುಬಾರಿ. ರೂಪಾಯಿಯಲ್ಲಿ ವರ್ಷದ ಚಂದಾ ಪಡೆದು ಡಾಲರ್‌ನಲ್ಲಿ ಬಳಕೆಗೆ ತಕ್ಕಂತೆ ಕಟ್ಟುವ ಸಣ್ಣ ಕಂಪನಿ ಇದನ್ನು ಲೆಕ್ಕ ಹಾಕದೆ ಉಚಿತ ಎಐ ಎಂದು ಜಾಹೀರಾತು ಕೊಡಬಾರದು. ನಮ್ಮ ಎಂಜಿನಿಯರ್‌ಗಳು ಕೋಡ್ ಬರೆಯಲು ಎಐ ಬಳಸುತ್ತಾರೆ, ವೇಗವೂ ಹೆಚ್ಚಿದೆ. ಆದರೆ ದಲ್ಲಾಲಿ, ಹಮಾಲಿ, ಸೆಸ್ ಯಾವುದು ಯಾರ ಖಾತೆಗೆ ಬೀಳಬೇಕೆಂಬುದನ್ನು ನಮ್ಮೂರಿನ ಎಂಜಿನಿಯರಿಂಗ್ ಕಾಲೇಜುಗಳಾದ ಬಿಐಇಟಿಯಿಂದಲೋ ಯುಬಿಡಿಟಿಯಿಂದಲೋ ಬಂದ ಹೊಸಬರು ಯಾರ್ಡಿನಲ್ಲಿ ನಿಂತೇ ಕಲಿಯುತ್ತಾರೆ.

ಕೊನೆಯದಾಗಿ, ಪ್ರತಿದಿನದ ಲೆಕ್ಕ ತಂತ್ರಾಂಶದೊಳಗೆ ಸೇರಿದಷ್ಟೂ ಅದನ್ನು ಇಟ್ಟುಕೊಂಡವರ ಹೊಣೆ ಹೆಚ್ಚುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ. ಸೈಬರ್ ದಾಳಿಯಾದರೆ ಆರು ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್‌ಗೆ ತಿಳಿಸಬೇಕೆಂಬ ನಿರ್ದೇಶನ 2022ರಿಂದಲೇ ಇದೆ. ಯಾರಿಂದ ತಂತ್ರಾಂಶ ಕೊಂಡರೂ ವ್ಯಾಪಾರಿಗಳು ಮೂರು ವಿಷಯಗಳನ್ನು ಬರಹದಲ್ಲಿ ಪಡೆಯಲಿ: ಬ್ಯಾಕಪ್ ಎಲ್ಲಿರುತ್ತದೆ, ನಮ್ಮ ಬಿಲ್ಲುಗಳನ್ನು ಯಾವ ಎಐ ಸೇವೆಗೆ ಕಳುಹಿಸುತ್ತೀರಿ, ಚಂದಾ ನಿಲ್ಲಿಸಿದ ದಿನ ಇಡೀ ಲೆಕ್ಕವನ್ನು ಎಕ್ಸೆಲ್‌ನಲ್ಲಿ ತೆರೆಯುವ ಕಡತವಾಗಿ ಕೊಡುತ್ತೀರಾ. ಮಾತು ಕೊಟ್ಟರಷ್ಟೇ ಸಾಲದು, ಒಮ್ಮೆ ಆ ಕಡತವನ್ನು ತೆಗೆಸಿ ತಮ್ಮ ಆಡಿಟರ್‌ಗೆ ತೋರಿಸಿ, ಆರಂಭಿಕ ಶಿಲ್ಕಿನಿಂದ ಕೊನೆಯ ಬಿಲ್ಲಿನವರೆಗೆ ತಾಳೆಯಾಗುತ್ತದೆಯೇ ನೋಡಲಿ. ನಮ್ಮ ತಂತ್ರಾಂಶ ಕೊಳ್ಳುವವರಿಗೂ ಹಣ ಕಟ್ಟುವ ಮೊದಲು ಹೀಗೆಯೇ ಪರೀಕ್ಷಿಸಿ ಎಂದು ಹೇಳುತ್ತೇವೆ.