ಜನವರಿ 15ರ ಹಿಂದಿನ ಮೂವತ್ತು ವರ್ಷ

1949ರ ಜನವರಿ 15ರಂದು ಜನರಲ್ ರಾಯ್ ಬುಚರ್ ಅವರಿಂದ ಕೆ.ಎಂ. ಕಾರ್ಯಪ್ಪ ಭಾರತೀಯ ಸೇನೆಯ ಕಮಾಂಡರ್-ಇನ್-ಚೀಫ್ ಹುದ್ದೆ ವಹಿಸಿಕೊಂಡರು. ಆ ದಿನವೇ ಸೇನಾ ದಿನ. ಇದು ಕೊಡಗಿನ ಶಾಲೆ ಮಕ್ಕಳಿಗೂ ಗೊತ್ತು. ಆದರೆ ಸ್ವಾತಂತ್ರ್ಯ ಬಂದು ಹದಿನೇಳು ತಿಂಗಳಾದರೂ ನಮ್ಮ ಸೇನೆಯನ್ನು ಬ್ರಿಟಿಷ್ ಅಧಿಕಾರಿಗಳೇ ಏಕೆ ನಡೆಸುತ್ತಿದ್ದರು? ಸ್ವತಂತ್ರ ಭಾರತದ ಮೊದಲ ಕಮಾಂಡರ್-ಇನ್-ಚೀಫ್ ರಾಬ್ ಲಾಕ್‌ಹಾರ್ಟ್ ಹೋದ ಮೇಲೂ ಬಂದವರು ಬುಚರ್. ಕಾರಣ ಹುಡುಕಬೇಕಾದದ್ದು ಬಡ್ತಿಯ ಕಡತಗಳಲ್ಲಿ.

ಗಂಡುಮಗು ಹುಟ್ಟಿದರೆ ಗುಂಡು ಹಾರಿಸುವ ನಾಡು ನಮ್ಮದು. ಹಾಗಾಗಿ ಕಾರ್ಯಪ್ಪನವರ ಏಳಿಗೆಯನ್ನು ರಕ್ತಗುಣದ ಲೆಕ್ಕಕ್ಕೆ ಬರೆದುಬಿಡುವುದು ಇಲ್ಲಿ ರೂಢಿ. ಆದರೆ ರಕ್ತಗುಣ ಎಷ್ಟಿದ್ದರೂ ಮೊದಲ ಮಹಾಯುದ್ಧದ ತನಕ ಕಾಲಾಳು ಪಡೆಯ ಭಾರತೀಯನಿಗೆ ಇದ್ದದ್ದು ಮೂರೇ ಮೆಟ್ಟಿಲು: ಜಮಾದಾರ್, ಸುಬೇದಾರ್, ಸುಬೇದಾರ್ ಮೇಜರ್. ಅವೆಲ್ಲ ವೈಸರಾಯ್ ಕಮಿಷನ್, ಅಂದರೆ ವೈಸರಾಯ್ ಹೆಸರಿನಲ್ಲಿ ಕೊಡುವ ಅಧಿಕಾರಿ ನೇಮಕ. ಇಪ್ಪತ್ತು ವರ್ಷ ದುಡಿದ ಸುಬೇದಾರ್ ಕೂಡ ನಿನ್ನೆ ಹಡಗಿನಿಂದಿಳಿದ ಬ್ರಿಟಿಷ್ ಸೆಕೆಂಡ್ ಲೆಫ್ಟಿನೆಂಟ್‌ಗೆ ಸೆಲ್ಯೂಟ್ ಹೊಡೆಯಬೇಕಿತ್ತು. ದಳವನ್ನು ಮುನ್ನಡೆಸುವ ಅಧಿಕಾರ ಕೊಡುತ್ತಿದ್ದ ಕಿಂಗ್ಸ್ ಕಮಿಷನ್ ಭಾರತೀಯರಿಗೆ ತೆರೆದದ್ದು 1917ರಲ್ಲಿ. ಅದೂ ಸಣ್ಣ ಕಿಂಡಿ: ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೇನಾ ಕಾಲೇಜಿನಲ್ಲಿ ವರ್ಷಕ್ಕೆ ಹತ್ತು ಸೀಟು, ಜೊತೆಗೆ ಇಂದೋರಿನ ಡೇಲಿ ಕಾಲೇಜಿನಲ್ಲಿ ಒಂದು ತಾತ್ಕಾಲಿಕ ತರಬೇತಿ.

ಕೊಡಂದೇರ ಒಕ್ಕದ (ಕೊಡವ ಮನೆತನದ) ಕಾರ್ಯಪ್ಪ ಹುಟ್ಟಿದ್ದು 1899ರ ಜನವರಿ 28ರಂದು, ಶನಿವಾರಸಂತೆಯಲ್ಲಿ. ತಂದೆ ಮಾದಪ್ಪ ಕಂದಾಯ ಇಲಾಖೆಯಲ್ಲಿದ್ದರು. ಮನೆಯವರ ಬಾಯಲ್ಲಿ ಹುಡುಗ 'ಚಿಮ್ಮ'. ಮಡಿಕೇರಿಯ ಸೆಂಟ್ರಲ್ ಹೈಸ್ಕೂಲು ಮುಗಿಸಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಹೋಗಿದ್ದಾಗ ಡೇಲಿ ಕಾಲೇಜಿಗೆ ಆಯ್ಕೆಯಾಯಿತು. 1919ರ ಡಿಸೆಂಬರ್ 1ರಂದು ಕಮಿಷನ್ ಸಿಕ್ಕಿತು, ಆದರೆ ತಾತ್ಕಾಲಿಕ.

ಮುಂದೆ ಅದನ್ನು ಕಾಯಂ ಮಾಡಿದಾಗ ಅವರ ಹಿರಿತನವನ್ನು 1920ರ ಜುಲೈ 17ರಿಂದ ಲೆಕ್ಕ ಹಾಕಿದರು. ಸ್ಯಾಂಡ್‌ಹರ್ಸ್ಟ್‌ನ ತಂಡ ಹೊರಬಿದ್ದದ್ದು ಜುಲೈ 16ಕ್ಕೆ. ಒಂದೇ ಒಂದು ದಿನದ ಅಂತರ! ಸೇನೆಯಲ್ಲಿ ಬಡ್ತಿ ಹೋಗುವುದು ಹಿರಿತನದ ಪಟ್ಟಿಯ ಪ್ರಕಾರ. ಆ ಒಂದು ದಿನದಿಂದ ಇಡೀ ತಂಡ ಅವರಿಗಿಂತ ಮೇಲೆ ಕುಳಿತಿತು. ಏಳೂವರೆ ತಿಂಗಳ ಸೇವೆ ಲೆಕ್ಕಕ್ಕೇ ಬರಲಿಲ್ಲ.

1923ರಲ್ಲಿ ಇನ್ನೊಂದು ಬೇಲಿ ಬಂತು, ಎಂಟು ದಳಗಳ ಯೋಜನೆ. ಭಾರತೀಯ ಅಧಿಕಾರಿಗಳನ್ನೆಲ್ಲ ಆಯ್ದ ಎಂಟು ದಳಗಳಿಗಷ್ಟೇ ಹಾಕುವುದು ಎಂದಾಯಿತು. ಹೆಸರಿಗೆ ಭಾರತೀಕರಣ, ಒಳಗಿನ ಉದ್ದೇಶ, ಯಾವ ಬ್ರಿಟಿಷನೂ ಭಾರತೀಯನ ಆಜ್ಞೆ ಪಾಲಿಸುವ ಪ್ರಸಂಗ ಬಾರದಂತೆ ನೋಡಿಕೊಳ್ಳುವುದು. ಎಲ್ಲರೂ ಎಂಟೇ ಕಡೆ ತುಂಬಿಕೊಂಡರೆ ಮೇಲಿನ ಹುದ್ದೆ ಖಾಲಿಯಾಗುವುದಾದರೂ ಯಾವಾಗ? ಸುಬೇದಾರರು ನೋಡುತ್ತಿದ್ದ ಪ್ಲಟೂನ್ ಎಂಬ ಸಣ್ಣ ತುಕಡಿಯ ಕೆಲಸವೂ ಕ್ರಮೇಣ ಈ ಅಧಿಕಾರಿಗಳ ತಲೆಗೇ ಬಂತು. ಕಾರ್ಯಪ್ಪನವರ 1/7 ರಜಪೂತ್, ಅಂದರೆ 7ನೇ ರಜಪೂತ್ ರೆಜಿಮೆಂಟಿನ ಮೊದಲ ಬೆಟಾಲಿಯನ್, ಆ ಎಂಟರಲ್ಲಿ ಒಂದು.

1933ರಲ್ಲಿ ಕ್ವೆಟ್ಟಾದ ಸ್ಟಾಫ್ ಕಾಲೇಜು ಸೇರಿದ ಮೊದಲ ಭಾರತೀಯ ಅವರೇ. ಅಲ್ಲಿ ಪಾಸಾದವರಿಗೆ ಬೇಗ ಸ್ಟಾಫ್ ಹುದ್ದೆ, ಅಂದರೆ ಸೇನಾ ಕಚೇರಿಯಲ್ಲಿ ಯೋಜನೆ, ಆಡಳಿತ ನೋಡುವ ಹುದ್ದೆ, ಸಿಗುವುದು ವಾಡಿಕೆ. ಇವರಿಗೆ ಸಿಕ್ಕಿದ್ದು 1936ರಲ್ಲಿ. ಬೆಟಾಲಿಯನ್ ಕೈಗೆ ಬಂದದ್ದು 1942ರಲ್ಲಿ, ಅದಕ್ಕೂ ಎರಡನೇ ಮಹಾಯುದ್ಧ ಬೇಕಾಯಿತು. ಬ್ರಿಗೇಡಿಯರ್ ಆಗಿ 1945ರಲ್ಲಿ ವಾಯವ್ಯ ಗಡಿಯ ಬನ್ನು ಬ್ರಿಗೇಡ್ ನಡೆಸಿದರು. 1947ರ ಆಗಸ್ಟ್ ಬಂದಾಗ ಜನರಲ್ ದರ್ಜೆಯಲ್ಲಿದ್ದ ಭಾರತೀಯರು ಬೆರಳೆಣಿಕೆಯಷ್ಟು. ಆ ಹದಿನೇಳು ತಿಂಗಳ ಗುಟ್ಟು ಇಷ್ಟೇ: ಯೋಗ್ಯತೆಯ ಕೊರತೆ ಅಲ್ಲ, ಮೂವತ್ತು ವರ್ಷ ಏಣಿಯ ಮೆಟ್ಟಿಲು ಮುರಿದಿಟ್ಟದ್ದರ ಫಲ.

1948ರ ಜನವರಿಯಿಂದ ಕಾಶ್ಮೀರದ ಯುದ್ಧ ಕಾರ್ಯಪ್ಪನವರ ಪಶ್ಚಿಮ ಕಮಾಂಡಿನ ಹೊಣೆಯಾಯಿತು. ನವೆಂಬರ್ 1ರಂದು ಜೋಜಿಲಾ ಕಣಿವೆಗೆ ಸ್ಟುವರ್ಟ್ ಟ್ಯಾಂಕುಗಳನ್ನು ಹತ್ತಿಸಿದವರು ಅವರ ಕೈಕೆಳಗಿದ್ದ ಮೇಜರ್ ಜನರಲ್ ತಿಮ್ಮಯ್ಯ. ಅವರೂ ಕೊಡಂದೇರ ಒಕ್ಕದವರೇ, 1957ರಲ್ಲಿ ತಾವೂ ಸೇನಾ ಮುಖ್ಯಸ್ಥರಾದರು. 1949ರ ಜನವರಿ 1ರಂದು ಕದನವಿರಾಮ ಜಾರಿಯಾಯಿತು. ಎರಡು ವಾರದ ಮೇಲೆ ಬುಚರ್ ಕುರ್ಚಿ ಬಿಟ್ಟರು.

ಕಮಾಂಡರ್-ಇನ್-ಚೀಫ್ ಆಗಿ ಕಾರ್ಯಪ್ಪ ಮಾಡಿದ ಕೆಲಸಗಳಲ್ಲಿ ಗಾರ್ಡ್ಸ್ ಬ್ರಿಗೇಡಿನದ್ದು ಗಮನಿಸಬೇಕಾದದ್ದು. ಜಾತಿ, ಪ್ರಾಂತ್ಯದ ಲೆಕ್ಕದಲ್ಲಿ ಭರ್ತಿ ಮಾಡುವ ಬ್ರಿಟಿಷ್ ಪದ್ಧತಿ ಬಿಟ್ಟು ಎಲ್ಲರನ್ನೂ ಬೆರೆಸಿ ಕಟ್ಟಿದ ಕಾಲಾಳು ದಳ ಅದು. ಅದಕ್ಕೆ ನಾಲ್ಕು ಹಳೆಯ ಬೆಟಾಲಿಯನ್‌ಗಳನ್ನು ಆಯ್ದರು: ಪಂಜಾಬ್ ರೆಜಿಮೆಂಟಿನ ಎರಡನೆಯದು, ಗ್ರೆನೇಡಿಯರ್ಸ್, ರಜಪುತಾನಾ ರೈಫಲ್ಸ್ ಮತ್ತು ರಜಪೂತ್ ರೆಜಿಮೆಂಟುಗಳ ಮೊದಲನೆಯವು. ಕೊನೆಯದು ಅವರು ಬೆಳೆದ ಬೆಟಾಲಿಯನ್ನೇ. ಅದೀಗ 4 ಗಾರ್ಡ್ಸ್. ಸ್ವಂತ ಪಲ್ಟನ್ನಿನ ಹೆಸರು ಕಳೆಯುವುದು ಸೈನಿಕನಿಗೆ ಸುಲಭವಲ್ಲ.

1953ರ ಜನವರಿಯಲ್ಲಿ ನಿವೃತ್ತಿ. 1956ರ ತನಕ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಹೈಕಮಿಷನರ್. ಅದೇ ವರ್ಷದ ನವೆಂಬರ್ 1ಕ್ಕೆ ಕೊಡಗು ರಾಜ್ಯ ಮೈಸೂರಿನಲ್ಲಿ ಸೇರಿಹೋಯಿತು. ಆಮೇಲೆ ಮಡಿಕೇರಿಯ 'ರೋಷನಾರ'ದಲ್ಲೇ ವಾಸ. ಮಾಣಿಕ್ ಶಾ ಅವರಿಗೆ 1973ರಲ್ಲೇ ಸಿಕ್ಕಿದ್ದ ಫೀಲ್ಡ್ ಮಾರ್ಷಲ್ ಪದವಿ ಕಾರ್ಯಪ್ಪನವರಿಗೆ ಬಂದದ್ದು 1986ರ ಏಪ್ರಿಲ್ 28ರಂದು, 87ನೇ ವಯಸ್ಸಿನಲ್ಲಿ. ಇಲ್ಲೂ ತಡವೇ. ಆದರೆ ಆ ಪದವಿಗೆ ನಿವೃತ್ತಿ ಇಲ್ಲ. ಬದುಕಿರುವಷ್ಟು ದಿನವೂ ಹೆಸರು ಸೇವಾನಿರತರ ಪಟ್ಟಿಯಲ್ಲಿರುತ್ತದೆ. 1993ರ ಮೇ 15ರಂದು ಬೆಂಗಳೂರಿನಲ್ಲಿ ತೀರಿಕೊಂಡು, ಮಡಿಕೇರಿಯಲ್ಲಿ ಚಿತೆಯೇರಿದಾಗ, ಕಡತದ ಪ್ರಕಾರ ಅವರು ಸೇವೆಯಲ್ಲೇ ಇದ್ದರು.