ಇಬ್ಬರ ಕೈಲೂ ಅಣುಬಾಂಬ್ ಇತ್ತು, ಆದರೂ ಯುದ್ಧ ಯಾಕೆ ಆಗಲಿಲ್ಲ?

ಪ್ರಶ್ನೆ: ಶೀತಲ ಸಮರದ ಕಾಲದಲ್ಲಿ ಅಮೆರಿಕ, ಸೋವಿಯತ್ ಒಕ್ಕೂಟ ಎರಡರ ಹತ್ತಿರವೂ ಸಾವಿರಾರು ಅಣ್ವಸ್ತ್ರಗಳಿದ್ದವು. ಆದರೂ ಒಬ್ಬರ ಮೇಲೊಬ್ಬರು ಹಾಕಲಿಲ್ಲ. ಬರೀ ಹೆದರಿಕೆಯಿಂದಲೇ?

ಉತ್ತರ: ಹೆದರಿಕೆ ಇತ್ತು, ನಿಜ. ಎದುರಾಳಿಯ ನೆಲದ ಮೇಲಿನ ಕ್ಷಿಪಣಿಗಳನ್ನೆಲ್ಲ ಒಂದೇ ಏಟಿಗೆ ನಾಶ ಮಾಡಿದರೂ, ಸಮುದ್ರದಡಿ ಅಡಗಿದ ಸಬ್‌ಮರೀನ್‌ಗಳಿಂದ ತಿರುಗೇಟು ಬರುತ್ತಿತ್ತು. ಬೇಕೆಂದೇ ಯುದ್ಧ ಶುರು ಮಾಡುವಷ್ಟು ಹುಚ್ಚು ಯಾರಿಗೂ ಇರಲಿಲ್ಲ. ಆದರೆ ಬೇಡವೆಂದರೂ ಯುದ್ಧ ಶುರುವಾಗಬಹುದಲ್ವಾ?

1962ರ ಅಕ್ಟೋಬರ್ 27ನ್ನೇ ನೋಡಿ. ಅಮೆರಿಕದ ಪಕ್ಕದ ಕ್ಯೂಬಾದಲ್ಲಿ ಸೋವಿಯತ್ ಅಣ್ವಸ್ತ್ರ ಕ್ಷಿಪಣಿಗಳಿರುವುದು ಬಯಲಾಗಿತ್ತು. ಅಮೆರಿಕದ ನೌಕಾಪಡೆ ದ್ವೀಪಕ್ಕೆ ದಿಗ್ಬಂಧನ ಹಾಕಿತ್ತು. ಅವತ್ತು ಅಮೆರಿಕದ ಯು-2 ಬೇಹು ವಿಮಾನವನ್ನು ಕ್ಯೂಬಾದ ಮೇಲೆ ಹೊಡೆದುರುಳಿಸಲಾಯಿತು, ಪೈಲಟ್ ಸತ್ತರು. ಆ ತೀರ್ಮಾನ ಅಲ್ಲಿದ್ದ ಸೋವಿಯತ್ ಅಧಿಕಾರಿಗಳದ್ದು, ಮಾಸ್ಕೋದ್ದಲ್ಲ. ಅದೇ ದಿನ ಸೋವಿಯತ್ ಸಬ್‌ಮರೀನ್ ಬಿ-59 ಮೇಲಕ್ಕೆ ಬರಲಿ ಎಂದು ಅಮೆರಿಕದ ಹಡಗುಗಳು ನೀರಿಗೆ ಸಣ್ಣ ಸಿಡಿಮದ್ದು ಹಾಕಿದವು. ಆ ಸಬ್‌ಮರೀನ್‌ನಲ್ಲಿ ಅಣ್ವಸ್ತ್ರದ ಟಾರ್ಪಿಡೊ (ನೀರೊಳಗೆ ಸಾಗಿ ಹಡಗಿಗೆ ಬಡಿಯುವ ಅಸ್ತ್ರ) ಇದೆ ಎಂದು ಹಡಗುಗಳಲ್ಲಿದ್ದವರಿಗೆ ಗೊತ್ತೇ ಇರಲಿಲ್ಲ. ಒಳಗೆ ಉಸಿರುಗಟ್ಟಿಸುವ ಸೆಕೆ, ಮಾಸ್ಕೋ ಜೊತೆ ಸಂಪರ್ಕವಿಲ್ಲ. ಯುದ್ಧವೇ ಶುರುವಾಗಿದೆ ಎಂದುಕೊಂಡ ಕ್ಯಾಪ್ಟನ್ ಆ ಟಾರ್ಪಿಡೊ ಸಿದ್ಧ ಮಾಡಿ ಅಂದರಂತೆ. ತಡೆದವರು ವಾಸಿಲಿ ಆರ್ಖಿಪೊವ್ ಎಂಬ ಅಧಿಕಾರಿ ಎಂದು ಅದರಲ್ಲಿದ್ದವರೊಬ್ಬರು ಎಷ್ಟೋ ವರ್ಷದ ನಂತರ ಹೇಳಿದರು.

ವಿಮಾನ ಬಿದ್ದರೂ ಅಮೆರಿಕದ ಅಧ್ಯಕ್ಷ ಕೆನಡಿ ತಿರುಗಿ ಹೊಡೆಯಲಿಲ್ಲ. ಅವರ ತಮ್ಮ ರಾಬರ್ಟ್ ಅವತ್ತು ಸಂಜೆ ಸೋವಿಯತ್ ರಾಯಭಾರಿ ಡೊಬ್ರಿನಿನ್ ಜೊತೆ ಮಾತಾಡಿದರು. ಕ್ಯೂಬಾಕ್ಕೆ ನುಗ್ಗುವುದಿಲ್ಲ, ಟರ್ಕಿಯಲ್ಲಿರುವ ನಮ್ಮ ಜುಪಿಟರ್ ಕ್ಷಿಪಣಿಗಳನ್ನೂ ತೆಗೆಯುತ್ತೇವೆ, ಆದರೆ ಟರ್ಕಿ ವಿಷಯ ಗುಟ್ಟಾಗಿರಲಿ ಎಂದರು. ಮರುದಿನ ಸೋವಿಯತ್ ನಾಯಕ ಕ್ರುಶ್ಚೇವ್ ಕ್ಯೂಬಾದ ಕ್ಷಿಪಣಿ ವಾಪಸ್ ಒಯ್ಯಲು ಒಪ್ಪಿದರು. ತಡವಾಗಬಾರದೆಂದು ಅದನ್ನು ಮಾಸ್ಕೋ ರೇಡಿಯೊದಲ್ಲೇ ಓದಿಸಿದರು! ನನ್ನ ಮಟ್ಟಿಗೆ ಹೆದರಿಕೆಗಿಂತ ಜಾಸ್ತಿ ಕೆಲಸ ಮಾಡಿದ್ದು ಈ ಕೊಡು-ಕೊಳ್ಳುವಿಕೆ. ಅದು ವರ್ಷಗಟ್ಟಲೆ ಮುಚ್ಚಿಹೋಗಿದ್ದರಿಂದ, ಸುಮ್ನೆ ಗದರಿಸಿದ್ದಕ್ಕೇ ರಷ್ಯನ್ನರು ಬಗ್ಗಿದರು ಎಂದು ಎಷ್ಟೋ ಜನ ನಂಬಿದರು.

1963ರಲ್ಲಿ ಎರಡೂ ರಾಜಧಾನಿಗಳ ನಡುವೆ ಹಾಟ್‌ಲೈನ್, ಅಂದರೆ ನೇರ ಸಂಪರ್ಕ, ಬಂತು. ಸಿನಿಮಾದಲ್ಲಿ ತೋರಿಸುವ ಕೆಂಪು ಫೋನ್ ಅಲ್ಲ, ಬರಹದ ಸಂದೇಶ ಕಳಿಸುವ ಟೆಲಿಪ್ರಿಂಟರ್. ಆದರೂ 1983ರ ಸೆಪ್ಟೆಂಬರ್ 26ರಂದು ಅದೃಷ್ಟವೇ ಕೈಹಿಡಿಯಬೇಕಾಯಿತು. ಅಮೆರಿಕದಿಂದ ಐದು ಕ್ಷಿಪಣಿ ಹೊರಟಿವೆ ಎಂದು ಸೋವಿಯತ್ ಉಪಗ್ರಹ ವ್ಯವಸ್ಥೆ ಎಚ್ಚರಿಸಿತು. ನಿಜವಾದ ದಾಳಿಯಾದರೆ ಬರೀ ಐದು ಯಾಕೆ ಎಂದು ಯೋಚಿಸಿದ, ಅವತ್ತು ಕಾವಲು ಪಾಳಿಯಲ್ಲಿದ್ದ ಸೋವಿಯತ್ ಅಧಿಕಾರಿ ಸ್ತಾನಿಸ್ಲಾವ್ ಪೆಟ್ರೋವ್, ಸುಳ್ಳು ಎಚ್ಚರಿಕೆ ಎಂದು ವರದಿ ಮಾಡಿದರು. ಮೋಡದ ಮೇಲೆ ಬಿದ್ದ ಬಿಸಿಲನ್ನು ಉಪಗ್ರಹ ಕ್ಷಿಪಣಿ ಎಂದುಕೊಂಡಿತ್ತು. ಆಗ ಪೆಟ್ರೋವ್‌ಗೆ ಬಹುಮಾನವೇನೂ ಸಿಗಲಿಲ್ಲ. ಲಾಗ್‌ಬುಕ್ ಸರಿಯಾಗಿ ತುಂಬಿಲ್ಲ ಎಂದು ಬೈಸಿಕೊಂಡರು.